ನೀರಿಳಿಸಿ ಬೀಗ ಹಾಕಿದ ಮನೆ

ಸಾಗರದ ನಮ್ಮ ಮನೆಗೆ ಬೀಗ ಹಾಕಿ ಹೊರಡೋಕೆ ನನಗೆ ಅರ್ಧ ಗಂಟೆ ಸಾಕು. ಹಾಲು ಬೇಡ ಅಂತ ಹೇಳಿ, ತುಳಸಿಗೆ ನೀರು ಹಾಕೋದನ್ನ ಪಕ್ಕದ ಮನೆಯವರಿಗೆ ಒಪ್ಪಿಸಿ, ದೇವರಿಗೆ ಕೈಮುಗಿದು ಕೀಲಿ ತಿರುಗಿಸಿದರೆ ಆಯಿತು. ಆದರೆ ಕಳೆದ ಜನವರಿಯಲ್ಲಿ ಮಗಳ ಮನೆಗೆ ಬೀಗ ಹಾಕೋಕೆ ನಾವು ಮೂರು ಜನ ಸೇರಿಯೂ ಎರಡು ದಿನ ಹಿಡಿಯಿತು.

ಮಗಳು, ಅಳಿಯ ಇರೋದು ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರದಲ್ಲಿ. ಡುಲುತ್ ಪಟ್ಟಣದಿಂದ ಸುಪೀರಿಯರ್ ಸರೋವರದ ದಂಡೆ ಹಿಡಿದು ಹೋಗಿ, ಟೂ ಹಾರ್ಬರ್ಸ್ ಎಂಬ ಪುಟ್ಟ ಊರು ದಾಟಿ, ಕಾಡಿನೊಳಗೆ ತಿರುಗಬೇಕು. ಆ ಸರೋವರವನ್ನು ನೋಡಿದವರು ಸರೋವರ ಅನ್ನೋಲ್ಲ, ಸಮುದ್ರ ಅಂತಾರೆ. 82 ಸಾವಿರ ಚದರ ಕಿಲೋಮೀಟರ್ ಸಿಹಿನೀರು! ಮಿನ್ನೆಸೋಟ ಅನ್ನೋದೂ ಅಲ್ಲಿನ ಮೂಲನಿವಾಸಿಗಳಾದ ಡಕೋಟ ಜನರ ಮಾತು. ಆಕಾಶದ ಬಣ್ಣದ ನೀರು ಅಂತ ಅರ್ಥ ಹೇಳ್ತಾರೆ. ಹೆಸರಿನಲ್ಲೇ ನೀರಿರುವ ಆ ನಾಡಿನಲ್ಲಿ ಮನೆ ಕಾಯೋದು ಅಂದ್ರೆ ನೀರಿನಿಂದ ಮನೆ ಕಾಯೋದು ಅಂತ ನನಗೆ ಗೊತ್ತಾಗಿದ್ದು ಆ ಎರಡು ದಿನದಲ್ಲಿ.

ಅವರದು ಸೌದೆ ಒಲೆಯ ಮನೆ. ನೆಲಮಾಳಿಗೆಯಲ್ಲಿ ಎರಕದ ಕಬ್ಬಿಣದ ದೊಡ್ಡ ಒಲೆ. ಅದರ ಕಾವೇ ಮೇಲಿನ ಕೋಣೆಗಳಿಗೆಲ್ಲ ಏರಬೇಕು. ಬರ್ಚ್, ಮೇಪಲ್ ಮರದ ಸೌದೆಯನ್ನು ಒಂದು ವರ್ಷ ಮೊದಲೇ ಸೀಳಿ ಒಟ್ಟಿರುತ್ತಾರೆ. ಅಲ್ಲಿ ಸೌದೆಯ ಅಳತೆ ‘ಕಾರ್ಡ್’. ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಎಂಟಡಿ ಉದ್ದದ ಒಟ್ಟಿಲು. ಒಂದು ಚಳಿಗಾಲಕ್ಕೆ ಅಂಥ ಆರು ಬೇಕು. ಬಚ್ಚಲೊಲೆಗೆ ಸೌದೆ ತುಂಬಿ ಬೆಳೆದವಳಾದ್ದರಿಂದ ನನಗೆ ಆ ಒಲೆ ಮೊದಲ ದಿನವೇ ನೆಂಟಸ್ತಿಕೆಯಂತೆ ಕಂಡಿತು. ರಾತ್ರಿ ಎರಡು ಗಂಟೆಗೆ ಎಚ್ಚರಾದರೆ ನಾನೇ ಇಳಿದು ಹೋಗಿ ಎರಡು ಕೊರಡು ಇಟ್ಟು ಬರ್ತಿದ್ದೆ.

ಎಲ್ಲ ಸರಿಯಾಗಿತ್ತು. ಜನವರಿ ಎರಡನೇ ವಾರ ಬೆಂಗಳೂರಿನಿಂದ ಫೋನ್ ಬಂತು. ಬೀಗಿತ್ತಿಗೆ ಹೃದಯದ ಆಪರೇಷನ್ ಆಗಬೇಕು, ತಡ ಮಾಡೋ ಹಾಗಿಲ್ಲ. ಮೂರು ದಿನ ಬಿಟ್ಟು ಮೂವರಿಗೂ ಟಿಕೆಟ್ ಸಿಕ್ಕಿತು. ಟಿಕೆಟ್ ಸಿಕ್ಕ ಮೇಲೆ ಅಳಿಯ ಕಿಟಕಿಯ ಹೊರಗೆ ನೋಡ್ತಾ ನಿಂತುಬಿಟ್ಟರು. ಹೊರಗೆ ಮೈನಸ್ 28 ಡಿಗ್ರಿ ಇತ್ತು. ಅಲ್ಲಿಂದ ವಾಯವ್ಯಕ್ಕಿರುವ ಟವರ್ ಎಂಬ ಊರಿನ ಬಳಿ 1996ರ ಫೆಬ್ರುವರಿ 2ರಂದು ಮೈನಸ್ 60 ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ ಮೈನಸ್ 51 ಡಿಗ್ರಿ ಮುಟ್ಟಿತ್ತು. ರಾಜ್ಯದ ದಾಖಲೆ ಅದು. ಒಲೆ ಆರಿದರೆ ಇಂಥ ಚಳಿ ಮನೆಯೊಳಗೆ ಬರೋಕೆ ಒಂದೆರಡು ದಿನ ಸಾಕು.

ಅವರು ಹೆದರಿದ್ದಕ್ಕೆ ಕಾರಣವೂ ಇತ್ತು. ಎರಡು ವರ್ಷದ ಹಿಂದೆ ನಾಲ್ಕೇ ದಿನಕ್ಕೆ ಅಂತ ಹೊರಗೆ ಹೋಗಿದ್ದರು. ಸಣ್ಣ ಎರಡು ಕರೆಂಟ್ ಹೀಟರ್ ಹಚ್ಚಿಟ್ಟು ಹೋಗಿದ್ದರಂತೆ. ಹಿಮದ ಬಿರುಗಾಳಿಗೆ ಕರೆಂಟ್ ಹೋಯಿತು. ಮನೆ ತಣ್ಣಗಾಗಿ ಪೈಪಿನೊಳಗಿನ ನೀರು ಗಡ್ಡೆ ಕಟ್ಟಿತು. ನೀರು ಗಡ್ಡೆಯಾಗುವಾಗ ಶೇಕಡ 9ರಷ್ಟು ಹಿಗ್ಗುತ್ತದೆ. ಪೈಪನ್ನು ಸೀಳುವುದು ಹೆಚ್ಚಾಗಿ ಗಡ್ಡೆ ಕಟ್ಟಿದ ಜಾಗ ಅಲ್ಲವಂತೆ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿಗೆ ಎಲ್ಲೂ ಹೋಗೋಕೆ ದಾರಿಯಿಲ್ಲದೆ ಒತ್ತಡ ಏರಿ, ಅಲ್ಲಿ ಒಡೆಯುತ್ತದೆ. ಒಡೆದಾಗ ಏನೂ ಕಾಣಲಿಲ್ಲ. ಕರೆಂಟ್ ಬಂದು, ಹೀಟರ್ ಹತ್ತಿ, ಗಡ್ಡೆ ಕರಗಿದ ಮೇಲೆ ಬಾವಿಯ ಪಂಪು ಶುರುವಾಯಿತು. ಅವರು ಬರುವವರೆಗೂ ಅದು ಸೀಳಿದ ಪೈಪಿಗೆ ನೀರು ನೂಕುತ್ತಲೇ ಇತ್ತು. ಅಡುಗೆಮನೆಯ ಮರದ ನೆಲ ಹಪ್ಪಳದ ಹಾಗೆ ಉಬ್ಬಿತ್ತು ಅಂತ ಮಗಳು ಈಗಲೂ ಹೇಳ್ತಾಳೆ.

ಪಕ್ಕದ ಮನೆ ಅಂದ್ರೆ ಅಲ್ಲಿ ಕಾಲು ಮೈಲಿ. ಆ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ ಒಬ್ಬರೇ ಇದ್ದಾರೆ. ಅವರ ಹಿರಿಯರು ಫಿನ್‌ಲೆಂಡ್‌ನಿಂದ ವಲಸೆ ಬಂದವರು. ಸುದ್ದಿ ಕೇಳಿ ಅವರೇ ನಡೆದು ಬಂದರು. ‘ಬೇಕಿದ್ದರೆ ದಿನಕ್ಕೆ ಎರಡು ಸಲ ಬಂದು ಒಲೆಗೆ ಸೌದೆ ಹಾಕ್ತೀನಿ’ ಅಂದರು. ಅಳಿಯನ ಮುಖ ಅರಳಿತು. ಮಗಳು ಮಾತ್ರ ಒಪ್ಪಲಿಲ್ಲ. ಆ ವಯಸ್ಸಿನಲ್ಲಿ, ಆ ಮಂಜಿನ ಮೇಲೆ, ಮೂರು ವಾರ! ಜಾರಿ ಬಿದ್ದರೆ ನೋಡೋರು ಯಾರು? ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಹಾಗಿದ್ದರೆ ಬೆಂಕಿಯ ಆಸೆ ಬಿಡಿ. ಬೆಂಕಿಗೆ ಆಳು ಬೇಕು. ನೀರೇ ಇಲ್ಲದ ಮನೆಗೆ ಯಾರೂ ಬೇಡ.’

ಅಲ್ಲಿಗೆ ತೀರ್ಮಾನವಾಯಿತು. ಮನೆಯನ್ನು ಬೆಚ್ಚಗಿಡುವುದಲ್ಲ, ನೀರನ್ನೇ ಇಳಿಸಿಬಿಡುವುದು.

ಅದಕ್ಕೊಂದು ಕ್ರಮ ಇದೆ. ಮೊದಲು ಪಂಪಿನ ಸ್ವಿಚ್ಚು ಆರಿಸಬೇಕು. ಆಮೇಲೆ ಗೀಸರಿನದು. ಗೀಸರ್ ಉರಿಯುತ್ತಿರುವಾಗ ನೀರು ಖಾಲಿ ಮಾಡಿದರೆ ಒಳಗಿನ ಕಾಯಿಲ್ ಸುಟ್ಟುಹೋಗುತ್ತದೆ. ಹಿಂದಿನ ಅನಾಹುತದ ಮೇಲೆ ಪೈಪುಗಳನ್ನೆಲ್ಲ ಒಂದೇ ಕಡೆ ಇಳಿಜಾರಾಗಿ ಮತ್ತೆ ಹಾಕಿಸಿದ್ದರು. ನೆಲಮಾಳಿಗೆಯ ಮೂಲೆಯ ನಲ್ಲಿಯೇ ಎಲ್ಲಕ್ಕಿಂತ ತಗ್ಗು. ನಮ್ಮ ಅಡಿಕೆ ತೋಟದ ಬಸಿಗಾಲುವೆಯ ತತ್ವವೇ ಇದು, ಎಲ್ಲೂ ನೀರು ನಿಲ್ಲಬಾರದು. ಆ ನಲ್ಲಿ ಬಿಟ್ಟು, ಮೇಲಿನ ಮಹಡಿಯಿಂದ ಶುರುಮಾಡಿ ಮನೆಯ ನಲ್ಲಿಗಳನ್ನೆಲ್ಲ ತೆರೆದೆವು. ಮೇಲಿಂದ ಗಾಳಿ ಒಳಗೆ ಹೋದರೆ ತಾನೇ ಕೆಳಗೆ ನೀರು ಬೀಳೋದು? ಗೀಸರ್, ಪಂಪಿನ ಒತ್ತಡದ ಟ್ಯಾಂಕು ಎರಡನ್ನೂ ಖಾಲಿ ಮಾಡಿದೆವು. ಉಳಿದ ತೇವಕ್ಕೆ ಅಳಿಯ ಕಂಪ್ರೆಸರ್ ತಂದು ಪೈಪಿನೊಳಗೆ ಗಾಳಿ ಊದಿದರು. ಒಂದೊಂದು ನಲ್ಲಿಯೂ ಮುದುಕರ ಹಾಗೆ ಕೆಮ್ಮಿ, ಉಗುಳಿ, ಕೊನೆಗೆ ಬರೀ ಉಸಿರು ಬಿಟ್ಟಿತು. ಬಟ್ಟೆ ತೊಳೆಯುವ ಮಷೀನು, ಪಾತ್ರೆ ತೊಳೆಯುವ ಮಷೀನುಗಳ ಹೊಟ್ಟೆಯಲ್ಲೂ ನೀರು ಉಳಿದಿರುತ್ತದೆ, ಅದನ್ನೂ ಮರೆಯಬಾರದು. ಕಮೋಡಿನ ಟ್ಯಾಂಕಿನ ತಳದಲ್ಲಿ ಉಳಿದ ನೀರನ್ನು ಮಗಳು ಸ್ಪಂಜಿನಲ್ಲಿ ಅದ್ದಿ ಅದ್ದಿ ತೆಗೆದಳು.

ಆದರೆ ಸಿಂಕಿನ ಕೆಳಗಿನ ಬಾಗಿದ ಪೈಪು ಪೂರ್ತಿ ಒಣಗಬಾರದು. ಅಲ್ಲಿ ನಿಂತ ನೀರೇ ಚರಂಡಿಯ ಗಾಳಿ ಮನೆಯೊಳಗೆ ಬರದಂತೆ ತಡೆಯೋದು. ಅದಕ್ಕೆ ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವ ಸುರೀತಾರೆ. ಕಾರಿಗೆ ಹಾಕುವ ಹಸಿರು ದ್ರವ ವಿಷ, ಅದನ್ನು ಬಳಸಬಾರದು. ಈ ಕೆಲಸಕ್ಕೆ ಅಂತಲೇ ಪ್ರೊಪಿಲೀನ್ ಗ್ಲೈಕಾಲ್‌ನಿಂದ ಮಾಡಿದ್ದು ಬೇರೆ ಸಿಗುತ್ತದೆ. ಸಿಂಕು, ಬಚ್ಚಲು, ಕಮೋಡು, ಎಲ್ಲದಕ್ಕೂ ಸುರಿದೆವು.

ಎರಡನೇ ದಿನ ಅಡುಗೆಮನೆ ನನ್ನ ಪಾಲಿಗೆ. ಗಾಜಿನ ಬಾಟಲಿಯಲ್ಲಿ ನೀರಿನಂಶ ಇರೋದು ಏನೇ ಇದ್ದರೂ ಹೊರಗೆ. ಟೊಮೆಟೊ ಸಾಸು, ಹಣ್ಣಿನ ರಸ, ಶರಬತ್ತು ಎಲ್ಲ ಅಜ್ಜನ ಮನೆಗೆ ಹೋದವು. ಎಣ್ಣೆಯಲ್ಲಿ ಮುಳುಗಿದ ಮಾವಿನಮಿಡಿಗೆ ಏನೂ ಆಗೋಲ್ಲ ಅಂದೆ. ಮಗಳು ಅದನ್ನೂ ಕಳಿಸಿದಳು. ಫ್ರಿಜ್ ಖಾಲಿ ಮಾಡಿ ಬಾಗಿಲು ತೆರೆದಿಟ್ಟೆವು.

ಕೊನೆಗೆ ಒಲೆ. ಬೆಳಿಗ್ಗೆಯೇ ಆರಲು ಬಿಟ್ಟಿದ್ದೆವು. ಬೂದಿಯೊಳಗೆ ಕೆಂಡ ದಿನಗಟ್ಟಲೆ ಬದುಕಿರುತ್ತದೆ ಅನ್ನೋದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮುಚ್ಚಳದ ಕಬ್ಬಿಣದ ಬಕೆಟ್ಟಿಗೆ ಬೂದಿ ತುಂಬಿ, ಮನೆಯಿಂದ ದೂರ ಬರೀ ನೆಲದ ಮೇಲೆ ಇಟ್ಟೆವು. ಅಜ್ಜ ಅಷ್ಟಕ್ಕೇ ಬಿಡಲಿಲ್ಲ. ತಣ್ಣಗಾದ ಒಲೆಯೊಳಗೆ ಬರ್ಚ್ ತೊಗಟೆ, ಚಕ್ಕೆ, ಸಣ್ಣ ಸೌದೆ ಜೋಡಿಸಿ, ಬೆಂಕಿಪೊಟ್ಟಣವನ್ನು ಮೇಲಿನ ಗೂಡಿನಲ್ಲಿಟ್ಟರು. ವಾಪಸ್ ಬಂದವರ ಕೈ ಮರಗಟ್ಟಿರುತ್ತದೆ, ಆಗ ಕಡ್ಡಿ ಗೀರುವಷ್ಟೇ ಕೆಲಸ ಉಳಿದಿರಬೇಕಂತೆ.

ಸಂಜೆ ಕಾರಿಗೆ ಪೆಟ್ಟಿಗೆ ಹೇರಿ ಆಗಿತ್ತು. ದೇವರಿಗೆ ಕೈಮುಗಿಯಲು ಗೂಡಿನ ಮುಂದೆ ನಿಂತವಳಿಗೆ ಜುಂ ಅಂತು. ಗಂಗೆ! ಮದುವೆಯಲ್ಲಿ ನಾನೇ ಕೊಟ್ಟ, ಕಾಶಿಯಿಂದ ತಂದ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿ. ನನ್ನ ಯಜಮಾನರು ಹೋಗುವ ಹಿಂದಿನ ವರ್ಷ ನಾವಿಬ್ಬರೂ ಹೋಗಿ ತಂದದ್ದು. ಮನೆಯ ನೀರೆಲ್ಲ ಹನಿಹನಿ ಇಳಿಸಿದ್ದೆವು, ಇದೊಂದನ್ನು ಮರೆತಿದ್ದೆವು. ಬೆಸುಗೆ ಬಿಚ್ಚೋ ಹಾಗಿಲ್ಲ, ವಿಮಾನದಲ್ಲಿ ಒಯ್ಯೋದಕ್ಕೂ ಧೈರ್ಯ ಬರಲಿಲ್ಲ. ಅಜ್ಜನ ಕೈಗೆ ಕೊಟ್ಟು, ಮಗಳಿಂದ ಅದೇನು ಅಂತ ಹೇಳಿಸಿದೆ. ಅವರು ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡ್ಕೊಂಡರು. ತಮ್ಮ ಒಲೆಯ ಎದುರಿನ ಕಪಾಟಿನಲ್ಲಿ, ಹೆಂಡತಿಯ ಫೋಟೊ ಪಕ್ಕದಲ್ಲಿ ಇಡ್ತೀನಿ ಅಂದರು.

ಆಪರೇಷನ್ ಚೆನ್ನಾಗಿ ಆಯಿತು. ಮಗಳು, ಅಳಿಯ ಫೆಬ್ರುವರಿಯಲ್ಲಿ ವಾಪಸ್ ಹೋದರು. ನಾನು ಸಾಗರದಲ್ಲೇ ಉಳಿದೆ. ಅವರು ಒಳಗೆ ಕಾಲಿಟ್ಟಾಗ ಅಡುಗೆಮನೆಯ ಗೋಡೆಯ ಮಾಪಕದಲ್ಲಿ ಮೈನಸ್ 14 ಇತ್ತಂತೆ. ಒಂದೇ ಕಡ್ಡಿಗೆ ಒಲೆ ಹತ್ತಿತು. ಆದರೂ ಎರಡು ದಿನ ಪಂಪು ಹಾಕಲಿಲ್ಲ. ಗೋಡೆಯೊಳಗಿನ ಮೂಲೆಗಳೂ ಬೆಚ್ಚಗಾಗಬೇಕು. ಅಲ್ಲಿವರೆಗೆ ಅಜ್ಜನ ಮನೆಯಿಂದ ಕ್ಯಾನಿನಲ್ಲಿ ನೀರು. ಮೂರನೇ ದಿನ ಮಗಳು ವಿಡಿಯೊ ಕಾಲ್ ಮಾಡಿ ಫೋನನ್ನು ನಲ್ಲಿಯ ಎದುರು ಹಿಡಿದಳು. ಮೊದಲು ಕೆಮ್ಮಿತು, ಆಮೇಲೆ ಗುಲಾಬಿ ಸಿಂಕಿಗೆ ತಿಳಿನೀರು ಬಿತ್ತು. ಹಿಂದೆ ದೇವರ ಗೂಡಿನಲ್ಲಿ ಗಿಂಡಿ ಇತ್ತು.

ಆಗ ನಾನು ಬಚ್ಚಲೊಲೆಯ ಮುಂದೆ ಕೂತಿದ್ದೆ. ನಮ್ಮ ಕಡೆ ಮನೆ ಒಡೆಯೋದು ಚಳಿಯಿಂದಲ್ಲ, ಮಳೆಯಿಂದ. ಒಂದು ಮಳೆಗಾಲ ಬೀಗ ಹಾಕಿ ಬೆಂಗಳೂರಿನ ಮಗನ ಮನೆಗೆ ಹೋಗಿದ್ದೆ. ಬಂದು ನೋಡಿದರೆ ಅಟ್ಟದ ತೊಲೆಗೆಲ್ಲ ಬೂಷ್ಟು, ಗೆದ್ದಲು. ಒಲೆ ಉರಿಯದ ಮನೆ ಉಳಿಯೋಲ್ಲ ಅಂತ ಅತ್ತೆ ಹೇಳ್ತಿದ್ದರು. ಈ ಸಲ ಮಳೆಗಾಲಕ್ಕೆ ಮಗ ಮತ್ತೆ ಕರೀತಿದ್ದಾನೆ. ಹೋಗ್ತೀನಿ. ಆದರೆ ಪಕ್ಕದ ಮನೆಯವಳಿಗೆ ಹೇಳಿಟ್ಟಿದ್ದೇನೆ, ವಾರಕ್ಕೆರಡು ಸಲ ಬಂದು ಒಲೆ ಹಚ್ಚಿ ಮನೆಗೆ ಹೊಗೆ ಆಡಿಸು ಅಂತ. ಅವಳಿಗೆ ಕಷ್ಟ ಆಗಬಾರದಲ್ಲ, ಈಗಿನಿಂದಲೇ ಒಣ ಚಕ್ಕೆ ಜೋಡಿಸಿಡ್ತಾ ಇದ್ದೇನೆ.