ಯಾರೂ ಬಿಚ್ಚಿ ನೋಡಿಲ್ಲವಂತೆ!

ಅಮೆರಿಕದ ಆನ್‌ಲೈನ್ ಹರಾಜುಗಳಲ್ಲಿ ಹಳೇ ಒಂದು ಸೆಂಟ್ ನಾಣ್ಯಗಳ ರೋಲ್ ಮಾರುತ್ತಾರೆ. 50 ನಾಣ್ಯ, ಮಾಸಿದ ಕಾಗದದ ಸುತ್ತು, ಜೊತೆಗೆ ‘ಇದನ್ನು ಯಾರೂ ಬಿಚ್ಚಿ ಹುಡುಕಿಲ್ಲ’ ಎಂಬ ಭರವಸೆ. ಎಷ್ಟೋ ರೋಲ್‌ಗಳಲ್ಲಿ ಒಂದು ತುದಿಗೆ ಇಂಡಿಯನ್ ಹೆಡ್ ಸೆಂಟ್ ಇಣುಕುತ್ತಿರುತ್ತದೆ, ಇನ್ನೊಂದು ತುದಿಗೆ ಬೆಳ್ಳಿಯ ಮರ್ಕ್ಯುರಿ ಡೈಮ್. ಡೈಮ್ ಅಂದರೆ 10 ಸೆಂಟ್, ಗಾತ್ರದಲ್ಲಿ ಸೆಂಟಿಗಿಂತ ಚಿಕ್ಕದು. ಅದು ದಾರಿ ತಪ್ಪಿ ಬಂದು, ಸರಿಯಾಗಿ ಫೋಟೋಗೆ ಕಾಣುವ ಜಾಗದಲ್ಲೇ ಕೂತಿತಂತೆ. ಯಾರ ಪುಣ್ಯವೋ!

ಇಂಥ ರೋಲ್‌ಗಳಲ್ಲಿ ತುಂಬಿರುವ ಗೋಧಿ ತೆನೆಯ ಲಿಂಕನ್ ಸೆಂಟ್ ಟಂಕಿಸಿದ್ದು 1909ರಿಂದ 1958ರವರೆಗೆ. ಆಮೇಲಿನ ಒಂದು ನಾಣ್ಯವೂ ಬೆರೆಯದ ರೋಲ್ ಎಂದರೆ ಯಾರೋ ಕೂತು ಆರಿಸಿದ್ದಾರೆ ಎಂದೇ ಅರ್ಥ. ಆ ಕಾಲದಲ್ಲೇ ಸುತ್ತಿಟ್ಟದ್ದು ಅಂತೀರಾ? ಕಾಗದ ಹಳತಾದರೆ ಸುತ್ತಿದ್ದೂ ಹಳತಾಗಬೇಕಿಲ್ಲ. ಹಾಗೆ ಆರಿಸುವವರ ಕೈಗೆ 1909ರ ‘ಎಸ್ ವಿಡಿಬಿ’ ಎಂಬ ಅಪರೂಪದ ಲಿಂಕನ್ ಸೆಂಟ್ ಸಿಕ್ಕಿದ್ದರೆ? ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅದನ್ನು ಟಂಕಿಸಿದ್ದೇ 4,84,000. ನಮಗೆ ಅಂತ ಉಳಿಸಿ, ಸುತ್ತಿ, ಪೋಸ್ಟ್ ಮಾಡುವಷ್ಟು ಧರ್ಮಾತ್ಮರು ನಾಣ್ಯದ ವ್ಯಾಪಾರದಲ್ಲಿ ಕಡಿಮೆ.

ಹುಡುಕುವ ಹುಚ್ಚೇ ಇದ್ದವರು ಅಲ್ಲಿ ಬ್ಯಾಂಕಿಗೆ ಹೋಗಿ ಮುಖಬೆಲೆಗೇ ರೋಲ್ ತಂದು ಬಿಚ್ಚುತ್ತಾರೆ. ಏನೂ ಸಿಗದಿದ್ದರೆ ವಾಪಸ್ ಕಟ್ಟುತ್ತಾರೆ, 50 ಸೆಂಟಿಗೆ 50 ಸೆಂಟು.