ತೆರೆಯ ಮೇಲೆ ಕಂಡ ಅಡುಗೆಮನೆ

ಸಿನೆಮಾ ನೋಡಿದರೆ ಹೆಣ್ಣುಮಕ್ಕಳು ಕೆಡುತ್ತಾರೆಂದು ಹೇಳುವ ಹಿರಿಯರು ಇಂದಿಗೂ ಇದ್ದಾರೆ. ಆದರೆ ಕಾಸರಗೋಡಿನ ನಮಗೆ ಕನ್ನಡವೂ ಮಲಯಾಳವೂ ತಿಳಿಯುವುದರಿಂದ, ಎರಡು ಭಾಷೆಗಳ ಎರಡು ಚಿತ್ರಗಳು ನನಗೆ ಪಾಠ ಹೇಳಿದುವು.

ಒಂದು, ಎಂ. ಕೆ. ಇಂದಿರಾ ಅವರ ಕಾದಂಬರಿಯಿಂದ ಪ್ರೇಮಾ ಕಾರಂತರು ೧೯೮೩ರಲ್ಲಿ ತೆರೆಗೆ ತಂದ ‘ಫಣಿಯಮ್ಮ’. ತಲೆ ಬೋಳಿಸಿಕೊಂಡು ಬಾಳು ಸವೆಸಿದ ಬಾಲವಿಧವೆಯನ್ನು ಕಂಡು ಅತ್ತೆ. ಅದು ಹಿಂದಿನ ಕಾಲದ ಅನ್ಯಾಯ.

ಇನ್ನೊಂದು, ಜಿಯೋ ಬೇಬಿಯವರ ‘ದ ಗ್ರೇಟ್ ಇಂಡಿಯನ್ ಕಿಚನ್’ (೨೦೨೧). ಅಲ್ಲಿ ಮಾವ ಮೆತ್ತಗೆಯೇ ಮಾತನಾಡುತ್ತಾನೆ. ಆದರೆ ಅನ್ನ ಕುಕ್ಕರಿನಲ್ಲಿ ಬೇಡ, ಒಲೆಯಲ್ಲೇ ಆಗಬೇಕು. ಬಟ್ಟೆ ಯಂತ್ರದಲ್ಲಿ ಬೇಡ, ಕೈಯಲ್ಲೇ ಒಗೆಯಬೇಕು. ಸೋರುವ ಕೊಳವೆಯನ್ನು ಸರಿಮಾಡಿಸಲು ಗಂಡನಿಗೆ ದಿನಗಟ್ಟಲೆ ನೆನಪೇ ಆಗುವುದಿಲ್ಲ. ಗಂಡಸರು ಉಂಡೆದ್ದ ಮೇಲೆ ಹೆಂಗಸರ ಊಟ.

ಇದನ್ನು ಹಿಂದಿನ ಕಾಲವೆನ್ನುವಂತಿಲ್ಲ. ನಮ್ಮ ಮನೆಯಲ್ಲೂ ಪರೀಕ್ಷೆ ನನಗೂ ತಮ್ಮನಿಗೂ ಒಟ್ಟಿಗೇ. ಆದರೆ ಬಟ್ಟಲು ತೊಳೆಯುವವಳು ನಾನೊಬ್ಬಳೇ.

“ಅವನೂ ತೊಳೆಯಲಿ ಅಮ್ಮಾ” ಎಂದೆ. ಅಮ್ಮ ನಕ್ಕರು. ಸ್ವಲ್ಪ ಹೊತ್ತಿನ ಬಳಿಕ, “ಹತ್ತನೆಯ ತರಗತಿಯಲ್ಲಿ ನಾನೂ ಹೀಗೆಯೇ ಪಾತ್ರೆ ತೊಳೆಯುತ್ತಿದ್ದೆ ಮಗಳೇ. ಓದು ಅಲ್ಲಿಗೇ ನಿಂತಿತು” ಎಂದರು. ಅಂದಿನಿಂದ ರಾತ್ರಿಯ ಪಾತ್ರೆ ತಮ್ಮನ ಪಾಲಿಗೆ ಬಂದಿದೆ.

ಚಿತ್ರ ಹೊಸದೇನನ್ನೂ ಹೇಳಲಿಲ್ಲ. ದಿನವೂ ಕಂಡು ಸುಮ್ಮನಿದ್ದುದನ್ನು ಎದುರಿಗೆ ತಂದಿಟ್ಟಿತು. ಹೆತ್ತವರೇ, ಇಂಥ ಚಿತ್ರಗಳನ್ನು ಗಂಡುಮಕ್ಕಳನ್ನೂ ಜೊತೆಯಲ್ಲಿ ಕೂರಿಸಿಕೊಂಡು ನೋಡಿ. ನೋಡಿ ಎದ್ದ ಮೇಲೆ ಅಂದಿನ ಪಾತ್ರೆಗಳನ್ನು ಯಾರು ತೊಳೆಯುವರೆಂದು ಒಟ್ಟಾಗಿ ತೀರ್ಮಾನಿಸಿ.