ಮಣಿಕೊಂಡದ ಬಿಸಿಲು, ಮೇಲಿನ ಷಡ್ಜ

ಹಳೆ ಮೈಸೂರಿನ ಕಡೆ ಕೊಂಡ ಎಂದರೆ ಜಾತ್ರೆಯಲ್ಲಿ ಕೆಂಡ ಹಾಯುವ ಜಾಗ. ತೆಲುಗಿನಲ್ಲಿ ಕೊಂಡ ಎಂದರೆ ಬೆಟ್ಟ. ಹೈದರಾಬಾದಿನ ಪಶ್ಚಿಮದಂಚಿನ ಮಣಿಕೊಂಡಕ್ಕೆ ಮೇ ತಿಂಗಳಲ್ಲಿ ಬಂದರೆ ಎರಡೂ ಅರ್ಥ ಸರಿ ಎನ್ನಿಸುತ್ತದೆ. ಒಂದು ಕಡೆ ಲ್ಯಾಂಕೋ ಹಿಲ್ಸ್‌ನ ಗೋಪುರಗಳು, ಇನ್ನೊಂದು ಕಡೆ ಪುಪ್ಪಾಲಗೂಡ, ಆಚೆ ಖಾಜಾಗೂಡದ ಕರಿಬಂಡೆಗಳು. ನಡುವೆ ಮರ್ರಿಚೆಟ್ಟು, ಅಂದರೆ ನಮ್ಮ ಆಲದಮರದ ಹೆಸರು ಹೊತ್ತ ಸರ್ಕಲ್ಲು, ಮತ್ತು ಬೆಳಿಗ್ಗೆ ಗಚ್ಚಿಬೌಲಿಯ ಆಫೀಸುಗಳಿಗೆ ಹೊರಟ ಸ್ಕೂಟರುಗಳು. ಇಲ್ಲಿರುವವರಲ್ಲಿ ಬಹುಪಾಲು ಎಲ್ಲಿಂದಲೋ ಬಂದವರು. ನಾನು ಕಲಬುರಗಿಯಿಂದ ಬಂದವನು.

ಹಗಲು ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ರಾತ್ರಿ ಮತ್ತು ಭಾನುವಾರ ಬಾಲ್ಕನಿಯ ಮೇಜಿನ ಮೇಲೆ ಮಾಡ್ಯುಲರ್ ಸಿಂಥಸೈಜರಿನ ಬಿಡಿಭಾಗಗಳಿಗೆ ಬೆಸುಗೆ ಹಾಕಿ ಮಾರುತ್ತೇನೆ. ಸಿಂಥಸೈಜರ್ ಎಂದರೆ ಕೀಬೋರ್ಡ್ ನೆನಪಾಗುತ್ತದೆ. ಇದು ಹಾಗಲ್ಲ. ಒಂದು ಡಬ್ಬಿ ನಾದ ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಸೋಸುತ್ತದೆ, ಮತ್ತೊಂದು ಏರಿಳಿಸುತ್ತದೆ. ಯಾವುದನ್ನು ಯಾವುದಕ್ಕೆ ಜೋಡಿಸಬೇಕು ಎಂಬುದನ್ನು ನುಡಿಸುವವರು ವೈರು ಚುಚ್ಚಿ ತಾವೇ ತೀರ್ಮಾನಿಸುತ್ತಾರೆ. 1964ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ಇಂಥದ್ದೊಂದನ್ನು ಕಟ್ಟಿದರು. ಐದೇ ವರ್ಷದಲ್ಲಿ, 1969ರಲ್ಲಿ, ಮೂಗ್ ಯಂತ್ರ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂತು. ಅಲ್ಲಿ ಸ್ಟುಡಿಯೋ ಹೂಡಲು ಸಂಗೀತಗಾರ ಡೇವಿಡ್ ಟ್ಯೂಡರ್ ಬಂದಿದ್ದರು. ಆಮೇಲೆ 1990ರ ದಶಕದ ನಡುವೆ ಜರ್ಮನಿಯ ಡೀಟರ್ ಡೋಪ್ಫರ್ ಒಂದು ಅಳತೆ ರೂಢಿಗೆ ತಂದರು: ಪ್ಯಾನೆಲ್‌ನ ಎತ್ತರ 128.5 ಮಿಲಿಮೀಟರ್, ವಿದ್ಯುತ್ತು 12 ವೋಲ್ಟ್, ಜ್ಯಾಕ್ 3.5 ಮಿಲಿಮೀಟರ್. ಈ ಅಳತೆ ಪಾಲಿಸಿದರೆ ಬರ್ಲಿನ್‌ನಲ್ಲಿ ಮಾಡಿದ್ದೂ ಮಣಿಕೊಂಡದಲ್ಲಿ ಮಾಡಿದ್ದೂ ಒಂದೇ ಪೆಟ್ಟಿಗೆಯಲ್ಲಿ ಕೂರುತ್ತವೆ. ನನ್ನಂಥವರ ಸಣ್ಣ ವ್ಯಾಪಾರ ಸಾಧ್ಯವಾಗಿರುವುದೇ ಇದರಿಂದ. ವಿದೇಶಿ ಬಿಡಿಭಾಗವೊಂದಕ್ಕೆ ನೂರರಿಂದ ಮುನ್ನೂರು ಡಾಲರ್, ಅದರ ಮೇಲೆ ಸುಂಕ. ಇಲ್ಲಿಯ ವಿದ್ಯಾರ್ಥಿ ಅಷ್ಟು ಎಲ್ಲಿಂದ ತರಬೇಕು?

ಸಾಮಾನಿಗೆ ನಾನು ಹೋಗುವುದು ಕೋಠಿಗೆ. ರಾಯದುರ್ಗದಲ್ಲಿ ಮೆಟ್ರೋ ಹತ್ತಿ, ಅಮೀರಪೇಟೆಯಲ್ಲಿ ಬದಲಿಸಿ, ಉಸ್ಮಾನಿಯಾ ಮೆಡಿಕಲ್ ಕಾಲೇಜಿನ ನಿಲ್ದಾಣದಲ್ಲಿ ಇಳಿದು ನಡೆದರೆ ಗುಜರಾತಿ ಗಲ್ಲಿ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದ್ದಂತೆ ಇದು. ಐಸಿ, ರೆಸಿಸ್ಟರ್, ಜ್ಯಾಕ್, ತಿರುಗಿಸುವ ಪಾಟ್ ಎಲ್ಲ ಸಿಗುತ್ತವೆ. ಅಂಗಡಿಯವರ ದಖನಿ ಮಾತು ಕಲಬುರಗಿಯವರಿಗೆ ಹೊಸದಲ್ಲ. 1948ರವರೆಗೆ ನಾವೂ ನಿಜಾಮರ ಸೀಮೆಯವರೇ ಅಲ್ಲವೇ.

ಆದರೆ ಒಂದು ಸಣ್ಣ ಸಾಮಾನು ಅಲ್ಲಿ ನನಗೆ ಸಿಗಲಿಲ್ಲ. "ಮಾಮೂಲಿ ಹಾಕಿ ನಡೆಸಿ ಸಾಬ್, ಯಾರಿಗೆ ಗೊತ್ತಾಗುತ್ತೆ" ಎಂದರು ಅಂಗಡಿಯವರು. ಈ ವ್ಯಾಪಾರದ ಎಲ್ಲ ಪ್ರಶ್ನೆ ಆ ಮಾತಿನಲ್ಲಿದೆ.

ನಾದ ಹುಟ್ಟಿಸುವ ಡಬ್ಬಿಗೆ ಒಂದು ವೋಲ್ಟ್ ಹೆಚ್ಚು ಕೊಟ್ಟರೆ ಸ್ವರ ಒಂದು ಸ್ಥಾಯಿ ಮೇಲೇರಬೇಕು, ಇದು ನಿಯಮ. ಈ ಲೆಕ್ಕ ಮಾಡುವುದು ಒಂದು ಜೋಡಿ ಟ್ರಾನ್ಸಿಸ್ಟರ್. ಅದಕ್ಕೆ ಬಿಸಿ ಆಗದು. ಒಂದು ಡಿಗ್ರಿ ಏರಿದರೆ ಲೆಕ್ಕ ಶೇಕಡಾ 0.33ರಷ್ಟು ತಪ್ಪುತ್ತದೆ. ಎ.ಸಿ. ಕೋಣೆಯಲ್ಲಿ ಶ್ರುತಿ ಮಾಡಿ, ಹತ್ತು ಡಿಗ್ರಿ ಹೆಚ್ಚಿರುವ ಬಾಲ್ಕನಿಗೆ ತಂದರೆ ಮೇಲಿನ ಷಡ್ಜ ಸುಮಾರು 40 ಸೆಂಟ್ ಇಳಿದಿರುತ್ತದೆ. ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್. ಹತ್ತಿರ ಹತ್ತಿರ ಅರ್ಧ ದಾರಿ ಇಳಿದಂತಾಯಿತು. ಇದನ್ನು ಸರಿದೂಗಿಸಲು ಬಿಸಿಯೇರಿದಂತೆ ತನ್ನ ಅಡ್ಡಿಯನ್ನೂ ಅಷ್ಟೇ ಏರಿಸಿಕೊಳ್ಳುವ ವಿಶೇಷ ರೆಸಿಸ್ಟರ್ ಬೇಕು. ಹೊರಗಿನಿಂದ ತರಿಸಿದರೆ ಒಂದಕ್ಕೆ ನನಗೆ 160 ರೂಪಾಯಿ ಬೀಳುತ್ತದೆ. ಮಾಮೂಲಿ ರೆಸಿಸ್ಟರ್ ಒಂದು ರೂಪಾಯಿಗೂ ಸಿಗುತ್ತದೆ.

ಬರೀ ಗುಡುಗು, ಸಿಳ್ಳೆ, ಸದ್ದು ಬೇಕೆನ್ನುವವರಿಗೆ ಈ ವ್ಯತ್ಯಾಸ ದೊಡ್ಡದಲ್ಲ. ನಮ್ಮಲ್ಲಿ ಕೊಳ್ಳುವವರು ಮೊದಲು ಮಾಡುವುದು ಮಾತ್ರ ಷಡ್ಜ ಹಿಡಿದು ನಿಲ್ಲಿಸುವ ಕೆಲಸ. ಹಾಗಾಗಿ ಆ ರೆಸಿಸ್ಟರ್ ಹಾಕಿದ್ದೊಂದು, ಹಾಕದ್ದೊಂದು, ಎರಡನ್ನೂ ನಮ್ಮ ಕಟ್ಟಡದ ನಾಲ್ಕನೇ ಮಹಡಿಯ ಧಾರವಾಡದ ಅಕ್ಕನ ಮನೆಯಲ್ಲಿ ಒಂದು ದಿನ ಇಟ್ಟೆ. ಅವರು ಮಕ್ಕಳಿಗೆ ಹಾಡು ಕಲಿಸುತ್ತಾರೆ. ಯಾವುದು ಯಾವುದೆಂದು ಹೇಳಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಫೋನ್ ಬಂತು. "ತಮ್ಮಾ, ಎಡಗಡೀದು ಮುಂಜಾನಿ ಛಲೋ ಇತ್ತು. ಈಗ ಮ್ಯಾಲಿನ ಸಾ ಕೂಡವಲ್ಲದು ನೋಡು." ಎಡಗಡೆಯದೇ ಮಾಮೂಲಿಯದು.

ಇಂಥ ಕಿವಿಗೆ ಯಂತ್ರ ಮಾಡಿ ಬದುಕಿದವರು ನಮ್ಮಲ್ಲೇ ಇದ್ದಾರೆ. ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ಎಂಜಿನಿಯರ್ ಆಗಿದ್ದ, ಸ್ವತಃ ಕೊಳಲು ನುಡಿಸುವ ಜಿ. ರಾಜ್ ನಾರಾಯಣ್ 1979ರ ಹೊತ್ತಿಗೆ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಅವರ ರಾಡೆಲ್ ಕಂಪನಿಯ ಶ್ರುತಿಪೆಟ್ಟಿಗೆಯನ್ನು ನೀವು ಯಾವುದೋ ಕಚೇರಿಯಲ್ಲಿ ಕಂಡೇ ಇರುತ್ತೀರಿ. ತಂಬೂರಿಗಿಂತ ಅಗ್ಗ, ಹೊರಲು ಹಗುರ ಎನ್ನುವುದು ಅದರ ಅನುಕೂಲ ನಿಜ. ಆದರೆ ಷಡ್ಜ ಅಲುಗಾಡಿದ್ದರೆ ಎಷ್ಟೇ ಅಗ್ಗವಾದರೂ ಹಾಡುಗಾರರು ಅದನ್ನು ವೇದಿಕೆಗೆ ಹತ್ತಿಸುತ್ತಿರಲಿಲ್ಲ.

ಹಾಗಾದರೆ ಕಡಿಮೆ ಬೆಲೆ ಎಲ್ಲಿಂದ ತರುವುದು? ನನ್ನ ಲೆಕ್ಕ ಹೇಳುತ್ತೇನೆ. ಅಚ್ಚು ಹಾಕಿಸಿದ ಅಲ್ಯುಮಿನಿಯಂ ಮುಖಪಟ್ಟಿಗೆ 400 ರೂಪಾಯಿ. ಸರ್ಕ್ಯೂಟ್ ಬೋರ್ಡ್ ಮಾಡುವ ಹಲಗೆಯಲ್ಲೇ ಮಾಡಿಸಿದರೆ 90. ಅಲ್ಲೇ ಉಳಿಯಿತು ರೆಸಿಸ್ಟರಿನ ದುಡ್ಡು, ಮೇಲೆ 150. ಎಲ್ಲ ಸೇರಿ ಒಂದು ಡಬ್ಬಿಗೆ 950 ಬೀಳುತ್ತದೆ. ಬೆಸುಗೆ ಹಾಕಿ ಶ್ರುತಿ ಮಾಡಲು ಮೂರು ಗಂಟೆ. ಸಿದ್ಧವಾದದ್ದನ್ನು 2,200ಕ್ಕೆ ಕೊಡುತ್ತೇನೆ. ಬಿಡಿಸಾಮಾನಿನ ಪೊಟ್ಟಣವಾಗಿ 1,500ಕ್ಕೆ. ತಿಂಗಳಿಗೆ ಆರು ಡಬ್ಬಿ, ನಾಲ್ಕು ಪೊಟ್ಟಣ ಹೋದರೆ ಕೈಗೆ ಉಳಿಯುವುದು 9,700. ನನ್ನ ಮನೆ ಬಾಡಿಗೆಯ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಅದಕ್ಕೇ ಆಫೀಸು ಬಿಟ್ಟಿಲ್ಲ. ಬೆಲೆ ದುಪ್ಪಟ್ಟು ಮಾಡಿದರೆ ಬಿಡಬಹುದೇನೋ, ಆದರೆ ಈಗ ಕೊಳ್ಳುವ ಹುಡುಗ ಹುಡುಗಿಯರು ಆಗ ಬರುವುದಿಲ್ಲ.

ಸದ್ಯಕ್ಕೆ ಪೊಟ್ಟಣದ ಮೇಲೇ ಹೆಚ್ಚು ನೆಚ್ಚಿದ್ದೇನೆ. ಮೂರು ಗಂಟೆಯ ದುಡಿಮೆ ಕೊಳ್ಳುವವರದ್ದಾದರೆ ಬೆಲೆ ತಾನೇ ಇಳಿಯುತ್ತದೆ, ಕೆಟ್ಟಾಗ ರಿಪೇರಿ ಮಾಡಲೂ ಅವರಿಗೆ ಬರುತ್ತದೆ. ಭಾನುವಾರ ಇಬ್ಬರು ಮೂವರು ನಮ್ಮ ಮನೆಗೇ ಬಂದು ಬೆಸುಗೆ ಹಾಕುತ್ತಾರೆ. ಪೊಟ್ಟಣದಲ್ಲೂ ಆ 160 ರೂಪಾಯಿಯ ರೆಸಿಸ್ಟರ್ ಇದ್ದೇ ಇರುತ್ತದೆ.

ಈ ಕಡೆ ಬಂದರೆ ನೀವೂ ಬನ್ನಿ. ಮಧ್ಯಾಹ್ನದ ಉರಿಬಿಸಿಲಿನಲ್ಲೇ ಬನ್ನಿ. ಸಂಜೆಯ ತಂಪಿನಲ್ಲಿ ಎಂಥ ಯಂತ್ರವೂ ಶ್ರುತಿ ಬಿಡುವುದಿಲ್ಲ.